ಕಡಲ ದಾರಿಯೂ ಗಾಳಿಯ ದಾರಿಯೂ: ರವೀಂದ್ರನಾಥರ ‘ಜಪಾನೇ-ಪಾರಸ್ಯೇ’

ರವೀಂದ್ರನಾಥ ಠಾಕೂರರ ‘ಜಪಾನೇ-ಪಾರಸ್ಯೇ’ ಎಂಬ ಬಂಗಾಳಿ ಗ್ರಂಥವು ೧೯೩೬ರಲ್ಲಿ ಪ್ರಕಟವಾಯಿತು. ಒಂದೇ ರಟ್ಟಿನೊಳಗೆ ಅದರಲ್ಲಿ ಎರಡು ಯಾತ್ರೆಗಳು ಅಡಕವಾಗಿವೆ. ಮೊದಲನೆಯದು, ೧೯೧೬ರ ಮೇ ತಿಂಗಳಲ್ಲಿ ‘ತೋಸಾ ಮಾರು’ ಎಂಬ ಜಪಾನೀ ಹಡಗಿನಲ್ಲಿ ಕಲ್ಕತ್ತೆಯಿಂದ ಹೊರಟು ರಂಗೂನು, ಪಿನಾಂಗು, ಸಿಂಗಪುರ, ಹಾಂಕಾಂಗುಗಳ ಮಾರ್ಗವಾಗಿ ಕೋಬೆಯ ರೇವನ್ನು ಸೇರಿದ ಪಯಣದ ವೃತ್ತಾಂತ. ‘ಜಪಾನ್ ಯಾತ್ರಿ’ ಎಂಬ ಹೆಸರಿನಿಂದ ಇದು ೧೯೧೯ರಲ್ಲಿಯೇ ಬೇರೆ ಪುಸ್ತಕವಾಗಿ ಬಂದಿತ್ತು. ಎರಡನೆಯದು, ೧೯೩೨ರ ಏಪ್ರಿಲಿನಲ್ಲಿ ಪಾರಸಿಕ ದೇಶದ ದೊರೆ ರೆಜಾ ಷಹಾ ಪಹ್ಲವಿಯವರ ಆಹ್ವಾನವನ್ನು ಮನ್ನಿಸಿ, ಡಚ್ಚರ ವಿಮಾನವನ್ನೇರಿ, ಅಲಹಾಬಾದು, ಜೋಧಪುರ, ಕರಾಚಿ, ಜಾಸ್ಕುಗಳಲ್ಲಿ ಇಳಿದೇರುತ್ತ ಬೂಶೆಹರಿಗೆ ಹೋದ ವೃತ್ತಾಂತ. ಮೊದಲನೆಯ ಯಾತ್ರೆಯ ದಿನಗಳಲ್ಲಿ ಕವಿಗಳಿಗೆ ೫೫ ವರ್ಷ ತುಂಬಿತು. ಎರಡನೆಯದಕ್ಕೆ ಹೊರಟಾಗ ೭೧ ತುಂಬುವುದಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ.

ಈ ಎರಡನ್ನೂ ಕೂಡಿಸಿ ಕಟ್ಟಿದುದರ ಉದ್ದೇಶವು ಏನೇ ಇರಲಿ, ಅದರಿಂದ ವಿಮರ್ಶೆಗೆ ಅಪೂರ್ವವಾದೊಂದು ಅನುಕೂಲ ಒದಗಿದೆ. ಬರೆಯುವ ಕೈ ಒಂದೇ, ಬಳಸುವ ಆಡುಮಾತಿನ ಗದ್ಯವೂ ಒಂದೇ, ಹೊರಡುವ ಊರೂ ಒಂದೇ. ಬದಲಾದುದು ಮುಖ್ಯವಾಗಿ ವಾಹನ. ಸಮುದ್ರಯಾನವು ಪ್ರವಾಸ ವಾಙ್ಮಯಕ್ಕೆ ಕೊಟ್ಟುದೇನು, ಆಕಾಶಯಾನವು ಅದರಿಂದ ಕಿತ್ತುಕೊಂಡುದೇನು ಎಂಬ ಪ್ರಶ್ನೆಯನ್ನು ಊಹೆಯ ಮೇಲೆ ಚರ್ಚಿಸಬೇಕಾದ ಅಗತ್ಯವಿಲ್ಲ. ಪುಟಕ್ಕೆ ಪುಟವನ್ನಿಟ್ಟು ನೋಡಬಹುದು.

ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದುಂಟು. ಹಡಗು ನಿಧಾನ, ವಿಮಾನ ಶೀಘ್ರ, ನಿಧಾನದಲ್ಲಿ ವಿರಾಮವಿದೆ, ವಿರಾಮದಲ್ಲಿ ಸಾಹಿತ್ಯ ಹುಟ್ಟುತ್ತದೆ. ಹಡಗಿನ ಕಾಲವನ್ನು ಹಂಬಲಿಸಿ ಬರೆಯುವವರೆಲ್ಲರೂ ಸ್ವಲ್ಪ ಹೆಚ್ಚು ಕಡಿಮೆ ಈ ಮಾತನ್ನೇ ಹೇಳುತ್ತಾರೆ. ಇದಕ್ಕೆ ಆಧಾರವಿಲ್ಲದೆ ಇಲ್ಲ. ೧೯೦೯ರ ನವೆಂಬರಿನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹಿಂದಿರುಗುವಾಗ ‘ಕಿಲ್ಡೋನನ್ ಕ್ಯಾಸಲ್’ ಹಡಗಿನಲ್ಲಿ ಕುಳಿತು ಗಾಂಧೀಜಿಯವರು ಹತ್ತೇ ದಿನಗಳಲ್ಲಿ ‘ಹಿಂದ್ ಸ್ವರಾಜ್’ ಬರೆದು ಮುಗಿಸಿದರು. ಬಲಗೈ ಸೋತಾಗ ಎಡಗೈಯಿಂದ ಬರೆದರು. (ರೈಲಿನ ವೇಗವನ್ನು ಅಷ್ಟು ತೀವ್ರವಾಗಿ ಖಂಡಿಸುವ ಆ ಪುಸ್ತಕವು ಉಗಿಯಂತ್ರದ ಹಡಗಿನಲ್ಲಿಯೇ ಹುಟ್ಟಿತೆಂಬುದನ್ನು ಟೀಕಾಕಾರರು ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ.) ಠಾಕೂರರ ‘ಗೀತಾಂಜಲಿ’ಯ ಇಂಗ್ಲಿಷ್ ಅನುವಾದವು ಕಾಯಿಲೆಯ ದಿನಗಳಲ್ಲಿ ಶಿಲಾಯಿದಹದ ನದೀತೀರದಲ್ಲಿ ಮೊದಲಾಗಿ, ೧೯೧೨ರ ಮೇ ೨೭ರಂದು ಮುಂಬಯಿಯಿಂದ ಹೊರಟ ಹಡಗಿನಲ್ಲಿಯೂ ಮುಂದುವರಿಯಿತು. ಆದರೆ ಈ ನಿದರ್ಶನಗಳಿಂದ ಸಿದ್ಧವಾಗುವುದು ಬೇರೆಯದೇ ಒಂದು ಸಂಗತಿ. ಹಡಗು ಆ ಇಬ್ಬರಿಗೂ ಏಕಾಂತದ ಓದುಕೋಣೆಯಾಯಿತು, ಅಷ್ಟೆ. ‘ಹಿಂದ್ ಸ್ವರಾಜ್’ನಲ್ಲಿ ಸಮುದ್ರವಿಲ್ಲ, ‘ಗೀತಾಂಜಲಿ’ಯ ಗದ್ಯಗೀತಗಳಲ್ಲಿ ಹಡಗಿನ ಸಹಪ್ರಯಾಣಿಕರಿಲ್ಲ. ವಿರಾಮವು ಪುಸ್ತಕವನ್ನು ಹುಟ್ಟಿಸಬಹುದು. ಪ್ರವಾಸದ ಪುಸ್ತಕವನ್ನು ಹುಟ್ಟಿಸುವುದಕ್ಕೆ ಅದೊಂದೇ ಸಾಲದು.

ಠಾಕೂರರ ಮೊದಲನೆಯ ಸಮುದ್ರಯಾನವೇ ಇದಕ್ಕೆ ಸಾಕ್ಷಿ. ೧೮೭೮ರ ಸೆಪ್ಟೆಂಬರ್ ೨೦ರಂದು, ೧೭ ವರ್ಷದ ತರುಣನಾಗಿ, ಅಣ್ಣ ಸತ್ಯೇಂದ್ರನಾಥರೊಡನೆ ಅವರು ಮುಂಬಯಿಯಲ್ಲಿ ‘ಪೂನಾ’ ಹಡಗನ್ನು ಹತ್ತಿದರು. ‘ಯುರೋಪ್ ಪ್ರವಾಸೀರ್ ಪತ್ರ’ದ (೧೮೮೧) ಮೊದಲನೆಯ ಕಾಗದದಲ್ಲಿ ಆ ವೃತ್ತಾಂತವಿದೆ. ಆರು ದಿನಗಳ ಕಾಲ ತರುಣನು ಕಡಲ ಪಿತ್ತದಿಂದ ಹಾಸಿಗೆ ಬಿಟ್ಟು ಏಳಲಿಲ್ಲ. ಎದ್ದಮೇಲೆ ಕಂಡ ಸಮುದ್ರವಾದರೂ ಅವನಿಗೆ ರುಚಿಸಲಿಲ್ಲ. ದಡದಲ್ಲಿ ನಿಂತು ನೋಡಿದಾಗ ಕಲ್ಪನೆಯು ದಿಗಂತದ ಆಚೆಗೂ ಹರಿಯುವುದೆಂದೂ, ನಡುಗಡಲಿಗೆ ಬಂದಮೇಲೆ ದಿಗಂತವೇ ಸುತ್ತಲೂ ಗೋಡೆಯಾಗಿ ನಿಲ್ಲುವುದೆಂದೂ, ಆದುದರಿಂದ ಸಮುದ್ರವು ದಡದಿಂದಲೇ ಹೆಚ್ಚು ಘನವೆಂದೂ ಅವನು ಬರೆಯುತ್ತಾನೆ. ಕವಿಸಮಯಕ್ಕೆ ವಿರುದ್ಧವಾದ ಈ ಮಾತಿನಲ್ಲಿ ಹದಿಹರೆಯದ ಜಂಬ ಸ್ವಲ್ಪ ಇದೆಯಾದರೂ ಸತ್ಯವೂ ಇದೆ. ನೀರು, ನೀರು, ಮತ್ತೂ ನೀರು: ಅದನ್ನು ಎಷ್ಟು ನಿಧಾನವಾಗಿ ನೋಡಿದರೂ ಕಾಣುವುದು ಅಷ್ಟೇ. ಸಮುದ್ರಯಾನದ ಬೆಲೆಯು ಸಮುದ್ರದಲ್ಲಿ ಇಲ್ಲವೆಂಬುದನ್ನು ಕವಿಗಳು ತಮಗೇ ತಿಳಿಯದಂತೆ ಮೊದಲ ಪುಸ್ತಕದಲ್ಲಿಯೇ ಹೇಳಿಬಿಟ್ಟರು. ಅದು ಎಲ್ಲಿದೆಯೆಂಬುದನ್ನು ಕಾಣಲು ಅವರಿಗೆ ೩೮ ವರ್ಷಗಳು ಬೇಕಾದುವು.

‘ಜಪಾನ್ ಯಾತ್ರಿ’ಯ ಆರಂಭವು ಈ ದೃಷ್ಟಿಯಿಂದ ಬಹು ಸಾರವತ್ತಾದುದು. ಮುಂಬಯಿಯಲ್ಲಿ ಹಡಗು ಹತ್ತಿದರೆ ಅದು ತಡವಿಲ್ಲದೆ ಹೊರಡುವುದು. ಕಲ್ಕತ್ತೆಯಲ್ಲಿಯಾದರೆ ಹಿಂದಿನ ರಾತ್ರಿಯೇ ಹೋಗಿ ಕುಳಿತಿರಬೇಕು. ಹೊರಡುವುದೆಂದರೆ ಮನಸ್ಸಿನಲ್ಲಿ ಚಲನೆಯ ವೇಗವನ್ನು ಕೂಡಿಹಾಕುವುದು. ಆ ವೇಗವು ಏರಿದ ಹೊತ್ತಿನಲ್ಲಿಯೇ ದೇಹವು ನಿಂತ ಹಡಗಿನಲ್ಲಿ ಸಿಕ್ಕಿಕೊಂಡರೆ ಉಂಟಾಗುವ ಕಸಿವಿಸಿಯನ್ನು ಕವಿಗಳು ನಗುತ್ತಲೇ ವಿವರಿಸಿರುವರು. ಕಳುಹಿಸಲು ಬಂದವರು, ಅಂದರೆ ಊರಿನಲ್ಲಿ ಉಳಿಯತಕ್ಕವರು, ಹೊರಟುಹೋದರು. ಹೋಗತಕ್ಕವನು ಕುಳಿತೇ ಇದ್ದಾನೆ. ಬೀಳ್ಕೊಡುಗೆಯ ಮಾತುಗಳು ಮುಗಿದಿವೆ, ಬೀಳ್ಕೊಳ್ಳುವಿಕೆ ಮಾತ್ರ ಆಗಿಲ್ಲ. ವಿದೇಶಕ್ಕೆ ಹೋಗುವವನ ಮನಸ್ಸಿನ ಈ ಸಂಧಿಕಾಲವನ್ನು ಇಷ್ಟು ಸೂಕ್ಷ್ಮವಾಗಿ ಹಿಡಿದ ಗದ್ಯವು ಭಾರತೀಯ ಪ್ರವಾಸ ವಾಙ್ಮಯದಲ್ಲಿ ವಿರಳ. ಇಲ್ಲಿ ಗಮನಿಸತಕ್ಕುದೆಂದರೆ, ಕವಿಗಳು ಹಡಗಿನ ನಿಧಾನವನ್ನು ಹೊಗಳುತ್ತಿಲ್ಲ, ದೂರುತ್ತಿರುವರು. ಆದರೆ ಹಾಗೆ ದೂರುವಾಗಲೇ ಹೊರಡುವುದೂ ಒಂದು ಘಟನೆಯಾಗಿ, ಆದಿ ಮಧ್ಯ ಅಂತ್ಯಗಳುಳ್ಳ ಅನುಭವವಾಗಿ ಪುಟದ ಮೇಲೆ ನಿಲ್ಲುತ್ತದೆ.

ಬಳಿಕ ಬಂಗಾಳ ಕೊಲ್ಲಿಯ ಬಿರುಗಾಳಿ ಬರುತ್ತದೆ. ರಾತ್ರಿಯೆಲ್ಲ ಮಳೆಗಾಳಿಗಳ ನಡುವೆ ಕವಿಗಳು ಡೆಕ್ಕಿನ ಮೇಲೆ ನಿಂತು ಹಾಡಿಕೊಂಡ ಪ್ರಸಂಗವು ಪ್ರಸಿದ್ಧವಾದುದೇ. ಜೀವನಚರಿತ್ರೆಗಳಲ್ಲಿಯೂ ಅದು ಮತ್ತೆ ಮತ್ತೆ ಬರುವುದು. ಅದಕ್ಕಿಂತ ಬೆಲೆಯುಳ್ಳದ್ದು ಹಡಗಿನ ಕಪ್ತಾನನ ಚಿತ್ರ. ಇಂಗ್ಲಿಷ್ ಹಡಗುಗಳ ಕಪ್ತಾನರು ಪದವಿಯ ಗತ್ತಿನಲ್ಲಿ ದೂರವಿರುವುದನ್ನು ಕಂಡಿದ್ದ ಕವಿಗಳಿಗೆ ಈ ಜಪಾನೀಯನ ಸರಳತೆ ಹೊಸದು. ಅವನನ್ನು ನೋಡಿದರೆ ಕಪ್ತಾನನೆಂದು ತಿಳಿಯುವಂತೆಯೇ ಇಲ್ಲ. ಇನ್ನೂ ನೋಡದ ದೇಶವೊಂದರ ಮೊದಲ ಪರಿಚಯವು ಆ ದೇಶದ ನೆಲ ಸೇರುವ ಮುಂಚೆ, ಹೀಗೆ ಒಬ್ಬ ಮನುಷ್ಯನ ನಡವಳಿಕೆಯಿಂದ ಆಗಿಹೋಗುತ್ತದೆ. ಹಡಗು ಹತ್ತಿದವನು ಅರ್ಧ ವಿದೇಶವನ್ನು ಆಗಲೇ ಹೊಕ್ಕಿರುತ್ತಾನೆ. ಕಡಲ ದಾರಿಯ ಮುಖ್ಯವಾದ ಗುಣಗಳಲ್ಲಿ ಇದು ಒಂದು.

ಗ್ರಂಥದ ಅತಿ ಮುಖ್ಯವಾದ ಪುಟಗಳು ಆಮೇಲೆ ಬರುವುವು. ‘ತೋಸಾ ಮಾರು’ ಮುಖ್ಯವಾಗಿ ಸರಕು ಸಾಗಿಸುವ ಹಡಗು; ಕ್ಯಾಬಿನ್ನಿನ ಪ್ರಯಾಣಿಕರು ಬೆರಳೆಣಿಕೆಯವರು. ಡೆಕ್ ಪ್ಯಾಸೆಂಜರುಗಳೇ ಬಹಳ. ಅವರಲ್ಲಿ ಹೆಚ್ಚಿನವರು ಮದರಾಸು ಪ್ರಾಂತದವರು. ಬಹುತೇಕ ಎಲ್ಲರೂ ರಂಗೂನಿಗೆ ಹೋಗತಕ್ಕವರು. ಅಂದಿನ ಬರ್ಮವು ದಕ್ಷಿಣದ ದುಡಿಯುವ ಜನರಿಗೆ ಹೊಟ್ಟೆಪಾಡಿನ ದೇಶವಾಗಿತ್ತೆಂಬುದನ್ನು ನೆನೆದರೆ ಈ ಗುಂಪಿನ ಸ್ವರೂಪವು ತಿಳಿಯುವುದು. ಹಡಗಿನ ಜಪಾನೀ ಸಿಬ್ಬಂದಿಯು ಇವರೊಡನೆ ಒರಟಾಗಿ ವರ್ತಿಸಲಿಲ್ಲವೆಂದೂ, ಚಿತ್ರ ಬರೆದ ಕಾಗದದ ಬೀಸಣಿಗೆಗಳನ್ನು ಒಬ್ಬೊಬ್ಬರಿಗೂ ಕೊಟ್ಟಾಗ ಅವರು ಬಹು ಸಂತೋಷಪಟ್ಟರೆಂದೂ ಕವಿಗಳು ಬರೆದಿರುವರು. ಕಬ್ಬು ಜಗಿದು, ಅವಲಕ್ಕಿ ತಿಂದು ದಿನ ನೂಕುತ್ತಿರುವ ಇವರು ಸಿಪ್ಪೆಯನ್ನು ಕುಳಿತಲ್ಲಿಯೇ ಚೆಲ್ಲುತ್ತಾರೆ. ಇದರ ಮೇಲೆ ಠಾಕೂರರ ವ್ಯಾಖ್ಯಾನವು ಹರಿತವಾಗಿದೆ: ವಿಧಿಯು ಕಟ್ಟಿದ ಗೆರೆಯೊಳಗೆ ಈ ಜನರು ಮಡಿವಂತರು, ಆ ಗೆರೆಯ ಹೊರಗೆ ಕೊಳೆಯಾಗಿರುವುದಕ್ಕೆ ಇವರಿಗೆ ಯಾವ ಅಡ್ಡಿಯೂ ಇಲ್ಲ. ಮನೆಯ ಕಟ್ಟಳೆಯು ಹಡಗಿನ ಮೇಲೆ ಬರಲಾರದು. ಅದನ್ನು ಬಿಟ್ಟು ಬೇರೊಂದು ನಡವಳಿಕೆಯನ್ನು ಅವರು ಕಲಿತಿಲ್ಲ.

ಈ ವ್ಯಾಖ್ಯಾನವನ್ನು ಹೊಗಳಿದವರು ಅನೇಕರು. ಅದು ಅರ್ಧ ನಿಜ. ವಿದೇಶಕ್ಕೆ ಹೋಗುವವನು ಏನನ್ನು ಕೊಂಡೊಯ್ಯಲಾರನೆಂಬುದು ಇಷ್ಟು ಚಿಕ್ಕ ದೃಶ್ಯದಲ್ಲಿ ಕಂಡುದು ದೊಡ್ಡ ಪ್ರತಿಭೆಯ ಲಕ್ಷಣವೇ ಸರಿ. ಆದರೆ ಮಲಗಲೂ ಉಣ್ಣಲೂ ಒಂದೇ ಹಲಗೆಯ ನೆಲವಿರುವವನು ಸಿಪ್ಪೆಯನ್ನು ಎಲ್ಲಿ ಹಾಕಬೇಕಾಗಿತ್ತೆಂಬ ಪ್ರಶ್ನೆಯನ್ನು ಕವಿಗಳು ಕೇಳುವುದಿಲ್ಲ. ಆ ಜನರಲ್ಲಿ ಒಬ್ಬನ ಹೆಸರೂ ಪುಸ್ತಕದಲ್ಲಿ ಇಲ್ಲ, ಒಬ್ಬನ ಊರೂ ಇಲ್ಲ. ಅವರು ಕಣ್ಣಿಗೆ ಬಿದ್ದರು, ಕಿವಿಗೆ ಬೀಳಲಿಲ್ಲ. ಕ್ಯಾಬಿನ್ನಿನವರಿಗೂ ಡೆಕ್ಕಿನವರಿಗೂ ನಡುವೆ ಇದ್ದ ಅಂತರವು ನಾಲ್ಕಾರು ಮೆಟ್ಟಿಲುಗಳದು. ಆ ಮೆಟ್ಟಿಲುಗಳನ್ನು ಈ ಗದ್ಯವು ಇಳಿಯುವುದಿಲ್ಲ.

ಇಳಿದವರು ಇಲ್ಲದೆ ಇಲ್ಲ. ಸ್ವಾಮಿ ವಿವೇಕಾನಂದರ ‘ಪರಿವ್ರಾಜಕ’ವು ೧೮೯೯ರ ಜೂನಿನಲ್ಲಿ ಕಲ್ಕತ್ತೆಯಿಂದ ‘ಗೋಲ್ಕೊಂಡಾ’ ಹಡಗಿನಲ್ಲಿ ಹೊರಟ ಯಾತ್ರೆಯ ಫಲ. ‘ಉದ್ಬೋಧನ’ ಪತ್ರಿಕೆಗಾಗಿ ಬರೆದುದು. ಪ್ಲೇಗಿನ ನಿರ್ಬಂಧದಿಂದಾಗಿ ಸುಯೆಜ್ಜಿನಲ್ಲಿ ದಡಕ್ಕಿಳಿಯಲಾರದೆ ನಿಂತ ಹಡಗಿನ ಮೇಲೆ ಪ್ರಯಾಣಿಕರೆಲ್ಲ ಸೇರಿ ಷಾರ್ಕ್ ಮೀನನ್ನು ಹಿಡಿದ ಪ್ರಸಂಗವು ಬಂಗಾಳಿಯ ಹಾಸ್ಯಗದ್ಯದಲ್ಲಿ ಶಾಶ್ವತವಾದ ಸ್ಥಾನವನ್ನು ಪಡೆದಿದೆ. ಆದರೆ ಅದೇ ಪುಸ್ತಕದಲ್ಲಿ ಹಡಗಿನ ಖಲಾಸಿಗಳ ಧೈರ್ಯ ನೈಪುಣ್ಯಗಳ ಪ್ರಶಂಸೆಯಿದೆ. ಮತ್ತು ಮುಂದಣ ಭಾರತವು ನೇಗಿಲು ಹಿಡಿದವನ ಗುಡಿಸಲಿನಿಂದ, ಬೆಸ್ತನ, ಚಮ್ಮಾರನ, ಅಂಗಡಿಕಾರನ ಮನೆಗಳಿಂದ ಎದ್ದು ಬರಬೇಕೆಂಬ ಆ ಸುಪ್ರಸಿದ್ಧ ಘೋಷಣೆಯೂ ಇರುವುದು ಈ ಸಮುದ್ರಯಾತ್ರೆಯ ಪುಸ್ತಕದಲ್ಲಿಯೇ. ಅದನ್ನು ಭಾಷಣಗಳಲ್ಲಿ ಉದ್ಧರಿಸುವವರು ಅದು ಹಡಗಿನಲ್ಲಿ ಹುಟ್ಟಿದ ಮಾತೆಂಬುದನ್ನು ಮರೆತಿರುವರು. ದೇಶವನ್ನು ಹಿಂದೆ ಬಿಟ್ಟು ಹೋಗುತ್ತಿರುವಾಗ, ದೇಶದ ದುಡಿಯುವ ಜನರು ಅದೇ ಹಡಗನ್ನು ನಡೆಸುತ್ತಿರುವುದನ್ನು ದಿನವೂ ನೋಡಿದ ಕಣ್ಣಿನ ಮಾತು ಅದು.

ಇನ್ನೂ ಕೆಳಗಿಳಿದರೆ ತೋತಾರಾಮ ಸನಾಢ್ಯರ ಹಿಂದೀ ಪುಸ್ತಕ ಸಿಕ್ಕುವುದು. ಆರ್ಕಾಟಿಯ ಮೋಸದ ಮಾತಿಗೆ ಸಿಕ್ಕಿ ೧೮೯೩ರಲ್ಲಿ ಗಿರ್ಮಿಟ್ ಕೂಲಿಯಾಗಿ ಫಿಜಿ ದ್ವೀಪಕ್ಕೆ ಹೋದ ಸನಾಢ್ಯರು ೨೧ ವರ್ಷಗಳ ಅನಂತರ ಹಿಂದಿರುಗಿ, ಬನಾರಸೀದಾಸ ಚತುರ್ವೇದಿಯವರ ನೆರವಿನಿಂದ ೧೯೧೪ರಲ್ಲಿ ತಮ್ಮ ಕಥೆಯನ್ನು ಅಚ್ಚು ಮಾಡಿಸಿದರು. ‘ತೋಸಾ ಮಾರು’ ಹೊರಡುವುದಕ್ಕೆ ಎರಡೇ ವರ್ಷ ಹಿಂದಿನ ಪುಸ್ತಕವಿದು. ಅವರ ಸಮುದ್ರಯಾನದ ವರ್ಣನೆಯಲ್ಲಿ ದಿಗಂತದ ಪ್ರಸ್ತಾಪವಿಲ್ಲ, ಅಳತೆಗಳಿವೆ. ತಲೆಗೊಂದಕ್ಕೆ ಒಂದೂವರೆ ಅಡಿ ಅಗಲ, ಆರು ಅಡಿ ಉದ್ದದ ಜಾಗ. ನಾಯಿಗೆ ಹಾಕುವ ಗಟ್ಟಿ ಬಿಸ್ಕತ್ತು, ನೀರಿನಲ್ಲಿ ನೆನೆಸಿ ತಿನ್ನುವುದು. ೧೮೭೯ರಿಂದ ೧೯೧೬ರವರೆಗೆ ಸುಮಾರು ೬೦,೦೦೦ ಜನರು ಹೀಗೆ ಫಿಜಿಯೊಂದಕ್ಕೇ ಹೋದರು. ಸಮುದ್ರದ ನಿಧಾನವು ಸಾಹಿತ್ಯದ ತಾಯಿಯೆಂದು ಹೇಳುವವರು ಈ ಪುಸ್ತಕವನ್ನು ಓದಿ ಮುಗಿಸಿದ ಮೇಲೆ ಅದೇ ಮಾತನ್ನು ಮತ್ತೊಮ್ಮೆ ಹೇಳಲು ಸ್ವಲ್ಪ ತಡವರಿಸಬೇಕಾಗುವುದು. ಸನಾಢ್ಯರಿಗೂ ನಿಧಾನವಿತ್ತು, ಮೂರು ತಿಂಗಳಿಗೂ ಮಿಕ್ಕಿದ ನಿಧಾನ. ಅದು ಅವರಿಗೆ ಶಿಕ್ಷೆಯಾಗಿತ್ತು.

ಆದುದರಿಂದ ಕಡಲ ದಾರಿಯ ಬೆಲೆಯನ್ನು ನಿಧಾನದಿಂದ ಅಳೆಯುವುದು ಸರಿಯಲ್ಲ. ಪ್ರಯಾಣಿಕನು ಇತರ ಮನುಷ್ಯರನ್ನು ಎಷ್ಟು ದೂರದಿಂದ ನೋಡುವನೆಂಬುದೇ ಸರಿಯಾದ ಅಳತೆ. ‘ಜಪಾನ್ ಯಾತ್ರಿ’ಯ ರೇವುಪಟ್ಟಣಗಳ ವರ್ಣನೆಗೂ ಈ ಅಳತೆ ಹೊಂದುವುದು. ರಂಗೂನು ಆ ದೇಶದ ನೆಲದಿಂದ ಗಿಡದಂತೆ ಬೆಳೆದುದಲ್ಲವೆಂದೂ, ಬರ್ಮವನ್ನು ತಾವು ಮೊದಲು ಕಂಡುದು ಪಗೋಡದಲ್ಲಿ ಎಂದೂ ಕವಿಗಳು ಹೇಳುವರು. ವ್ಯಾಪಾರದ ಯಂತ್ರಗಳು ಸೃಷ್ಟಿಯ ಮೊದಲ ಯುಗದ ಅಸಡ್ಡಾಳ ದೈತ್ಯಪ್ರಾಣಿಗಳಂತೆ ಅವರಿಗೆ ತೋರುತ್ತವೆ. ಇಲ್ಲಿಯವರೆಗಿನದು ಹೊರಗಿನವನ ಸಿಡುಕು. ಸುಂದರವಾದ ಸಿಡುಕು, ಆದರೂ ಸಿಡುಕೇ. ಹಾಂಕಾಂಗಿನಲ್ಲಿ ಹಡಗು ನಿಂತಾಗ ಮಾತ್ರ ಬರವಣಿಗೆಯ ಸ್ವರವೇ ಬದಲಾಗುವುದು. ಸರಕು ಇಳಿಸಿ ಏರಿಸುವ ಚೀಣೀ ಕೂಲಿಗಳ ಬರಿ ಮೈಗಳನ್ನು, ಆ ಮೈಗಳಲ್ಲಿ ಒಂದು ತೊಲ ಕೂಡ ಹೆಚ್ಚಿಲ್ಲದ ಮಾಂಸವನ್ನು, ಕೆಲಸವೇ ತಾಳವಾಗಿ ಹೋದ ಚಲನೆಯನ್ನು ಅವರು ಬಿಡದೆ ನೋಡುತ್ತಾರೆ. ವ್ಯಾಪಾರವನ್ನು ಈಗತಾನೆ ಬೈದವರು ವ್ಯಾಪಾರದ ಕೂಲಿಯಲ್ಲಿ ಸೌಂದರ್ಯವನ್ನು ಕಾಣುತ್ತಾರೆ. ಈ ವಿರೋಧವನ್ನು ಅವರು ಸರಿಪಡಿಸುವುದಿಲ್ಲ. ಸರಿಪಡಿಸದಿರುವುದೇ ಈ ಗದ್ಯದ ಪ್ರಾಮಾಣಿಕತೆ. ಹಡಗು ರೇವಿನಲ್ಲಿ ನಿಲ್ಲಬೇಕಾಗುತ್ತದೆ. ನಿಂತಾಗ ಎದುರಿಗೆ ಬಂದುದನ್ನು ಕಣ್ಣು ನೋಡಲೇಬೇಕು. ನೋಡಿದುದು ಮೊದಲೇ ಸಿದ್ಧವಾಗಿದ್ದ ಅಭಿಪ್ರಾಯವನ್ನು ಕದಡುತ್ತದೆ.

ಈಗ ‘ಪಾರಸ್ಯೇ’ಯನ್ನು ತೆರೆದರೆ ಗದ್ಯದ ನಡಿಗೆಯೇ ಬೇರೆ. ಠಾಕೂರರು ಅದಕ್ಕೆ ಮುಂಚೆ ಒಮ್ಮೆ, ೧೯೨೧ರಲ್ಲಿ, ಲಂಡನ್ನಿನಿಂದ ಪ್ಯಾರಿಸಿಗೆ ವಿಮಾನದಲ್ಲಿ ಹೋಗಿದ್ದರು. ಅಲ್ಲಿಯ ನೆಲದೊಡನೆ ತಮ್ಮ ಗಂಟು ಸಡಿಲವಾಗಿದ್ದುದರಿಂದ ಲಂಗರು ಕೀಳುವಾಗ ಎಳೆತ ತಿಳಿಯಲಿಲ್ಲವೆಂದೂ, ಈಗ ಬಂಗಾಳದ ಮಣ್ಣಿನಿಂದ ಏಳುವಾಗ ಎದೆಗೆ ಅದು ತಿಳಿಯಿತೆಂದೂ ಅವರು ಮೊದಲಿಗೇ ಬರೆದಿರುವರು. ಕಲ್ಕತ್ತೆಯ ರೇವಿನಲ್ಲಿ ಒಂದು ಇಡೀ ರಾತ್ರಿ ಹಿಡಿದಿದ್ದ ಬೀಳ್ಕೊಡುಗೆಯು ಇಲ್ಲಿ ಕೆಲವು ವಾಕ್ಯಗಳಿಗೆ ಇಳಿದಿದೆ. ಆಮೇಲೆ ಆರಂಭವಾಗುವುದು ಕಳಚಿಕೊಳ್ಳುವಿಕೆಯ ಕಥೆ. ಭೂಮಿಯು ಮನುಷ್ಯನಿಗೆ ಐದು ಇಂದ್ರಿಯಗಳ ಮೂಲಕ ಗೊತ್ತು. ವಿಮಾನವು ಮೇಲೇರಿದಂತೆಲ್ಲ ಸ್ಪರ್ಶ ಹೋಯಿತು, ಗಂಧ ಹೋಯಿತು, ದನಿ ಹೋಯಿತು, ನೋಟವೊಂದೇ ಉಳಿಯಿತು, ಇನ್ನೂ ಏರಲಾಗಿ ಅದೂ ತೆಳುವಾಗಿ, ಮೂರು ಮುಖಗಳುಳ್ಳ ಭೂಮಿಯು ಬರಿ ಚಿತ್ರಪಟವಾಯಿತು. ಇದ್ದುದೇ ಇಲ್ಲದಂತೆ ಆಯಿತು. ಸ್ವರ್ಗಕ್ಕೆ ಹೋಗುವ ಪುರಾಣದ ರಥಗಳನ್ನು ಕನಸಿನಲ್ಲಿ ಕಂಡಿದ್ದ ಕವಿಗಳಿಗೆ ಈ ಯಂತ್ರದ ಒರಟುತನ ಸಹಿಸದು. ಹಕ್ಕಿಯ ರೆಕ್ಕೆಗೂ ಗಾಳಿಗೂ ಇರುವ ಹೊಂದಿಕೆಯು ಇದಕ್ಕಿಲ್ಲವೆಂದು ಆಕ್ಷೇಪಿಸುವರು. ಆ ಭಾಗವು ಅಷ್ಟು ಮುಖ್ಯವಲ್ಲ. ಯಂತ್ರವು ಕುರೂಪವೆಂಬ ದೂರು ೧೯೧೬ರಲ್ಲಿಯೂ ಇತ್ತು.

ಮುಖ್ಯವಾದುದು ಅದರ ಮುಂದಿನ ಹೆಜ್ಜೆ. ಭೂಮಿಯು ಹೀಗೆ ಮಸುಕಾದ ಎತ್ತರದಿಂದ ಮನುಷ್ಯನು ಕೊಲ್ಲಲು ಹೊರಟರೆ ಏನಾದೀತು? ಕೊಲ್ಲುವವನಿಗೆ ಪಾಪದ ಅಳತೆಯೇ ತಪ್ಪುವುದು. ಯಾರನ್ನು ಕೊಲ್ಲುತ್ತಿರುವೆನೋ ಅವರು ಇರುವರೆಂಬುದೇ ಅವನಿಗೆ ಪೂರ್ತಿಯಾಗಿ ತೋರದು. ಇಷ್ಟಕ್ಕೇ ನಿಲ್ಲದೆ ಕವಿಗಳು ಗೀತೆಯ ಉಪದೇಶವನ್ನೇ ಇಂತಹ ಒಂದು ವಿಮಾನವೆಂದು ಕರೆಯುವರು. ಕರುಣೆಯಿಂದ ಸೋತ ಅರ್ಜುನನ ಮನಸ್ಸನ್ನು ಅದು ಎಷ್ಟೋ ಮೇಲಕ್ಕೆ ಒಯ್ದಿತು. ಅಲ್ಲಿಂದ ನೋಡಿದರೆ ಕೊಲ್ಲುವವನೂ ಇಲ್ಲ, ಸಾಯುವವನೂ ಇಲ್ಲ, ತನ್ನವರೂ ಇಲ್ಲ, ಪರರೂ ಇಲ್ಲ. ಶಾಸ್ತ್ರಜ್ಞರು ಈ ಹೋಲಿಕೆಯನ್ನು ಒಪ್ಪಲಾರರು. ಗೀತೆಯು ಅರ್ಜುನನನ್ನು ಎದುರಿನವರ ಮುಖವನ್ನು ನೋಡುತ್ತಲೇ ಯುದ್ಧಮಾಡೆಂದು ನಿಲ್ಲಿಸಿತೇ ಹೊರತು ಮುಖವನ್ನು ಮರೆಸಲಿಲ್ಲವೆಂದು ಅವರು ವಾದಿಸಬಹುದು. ಆ ವಾದದಲ್ಲಿ ಬಲವೂ ಇದೆ. ಆದರೆ ಕವಿಗಳ ಗುರಿ ಗೀತೆಯ ಭಾಷ್ಯವಲ್ಲ. ತತ್ತ್ವದ ಎತ್ತರವಾಗಲಿ, ಸಾಮ್ರಾಜ್ಯದ ಎತ್ತರವಾಗಲಿ, ಯಂತ್ರದ ಎತ್ತರವಾಗಲಿ ಒಬ್ಬೊಬ್ಬ ಮನುಷ್ಯನನ್ನು ಅಳಿಸಿಹಾಕುವ ರೀತಿ ಒಂದೇ ಎಂಬುದು ಅವರ ಮಾತಿನ ತಿರುಳು. ಅದಕ್ಕೆ ಒಡನೆಯೇ ನಿದರ್ಶನವನ್ನೂ ಕೊಡುತ್ತಾರೆ. ಬಾಗ್ದಾದಿನಲ್ಲಿದ್ದ ಬ್ರಿಟಿಷ್ ವಾಯುಸೇನೆಯ ಕ್ರೈಸ್ತ ಧರ್ಮಗುರುವು, ಅಲ್ಲಿಯ ಶೇಖರ ಹಳ್ಳಿಗಳ ಮೇಲೆ ದಿನವೂ ಬಾಂಬುಗಳನ್ನು ಸುರಿಸುತ್ತಿರುವುದಾಗಿ ಅವರಿಗೆ ತಿಳಿಸಿದನು. ಮಕ್ಕಳು, ಮುದುಕರು, ಹೆಂಗಸರೆನ್ನದೆ ಸಾಯುತ್ತಿದ್ದವರು ಮೇಲಿನವರ ಕಣ್ಣಿಗೆ ಮಸುಕಾಗಿದ್ದುದರಿಂದಲೇ ಸಾಯಿಸುವುದು ಅಷ್ಟು ಸುಲಭವಾಯಿತೆಂಬುದು ಕವಿಗಳ ತೀರ್ಪು. ಗೆರ್ನಿಕಾ ಪಟ್ಟಣವು ಆಕಾಶದಿಂದ ಸುಡಲ್ಪಟ್ಟುದು ೧೯೩೭ರಲ್ಲಿ. ಹಿರೋಶಿಮದ ವಿನಾಶವಾದುದು ೧೯೪೫ರಲ್ಲಿ. ‘ಪಾರಸ್ಯೇ’ಯ ಈ ಪುಟಗಳು ಆ ಎರಡಕ್ಕೂ ಮುಂಚಿನವು.

ಈ ಪುಟಗಳನ್ನು ಯುದ್ಧವಿರೋಧದ ಲೇಖನವೆಂದು ಬೇರ್ಪಡಿಸಿ ಓದುವ ವಾಡಿಕೆ ಬೆಳೆದಿದೆ. ಹಾಗೆ ಓದಿದರೆ ಅರ್ಧ ಅರ್ಥ ಸೋರಿಹೋಗುವುದು. ಪ್ರಯಾಣಿಕನ ಕಣ್ಣಿಗೂ ಬಾಂಬು ಹಾಕುವವನ ಕಣ್ಣಿಗೂ ಇರುವ ನಂಟನ್ನು ಕಂಡು ಕವಿಗಳು ಬೆಚ್ಚಿದರು. ಅದೇ ಕಿಟಕಿ, ಅದೇ ಎತ್ತರ, ಅದೇ ಮಸುಕು. ಹಾಗೆ ಬೆಚ್ಚುವ ಶಕ್ತಿಯು ಅವರಿಗೆ ಬಂದುದು ಎಲ್ಲಿಂದ? ಐವತ್ತು ವರ್ಷಗಳಿಗೂ ಮೇಲ್ಪಟ್ಟು ಹಡಗುಗಳಲ್ಲಿ ತಿರುಗಿ, ದೂರ ಸಾಗಿದಂತೆಲ್ಲ ಮನುಷ್ಯರು ಹತ್ತಿರವಾಗುವುದನ್ನು ಕಂಡಿದ್ದ ಅಭ್ಯಾಸದಿಂದ ಬಂದಿತೆಂದು ಹೇಳಬೇಕಾಗುತ್ತದೆ. ಹಡಗನ್ನು ಅರಿಯದೆ ಮೊದಲಿಗೇ ವಿಮಾನವನ್ನು ಹತ್ತಿದವನಿಗೆ ಕಳೆದುಹೋದುದರ ಲೆಕ್ಕ ಸಿಕ್ಕುವುದು ಕಷ್ಟ.

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ಡೆಕ್ಕಿನವರನ್ನು ಮೆಟ್ಟಿಲ ಮೇಲಿನಿಂದ ನೋಡಿದ ಕಣ್ಣೂ ದೂರದ ಕಣ್ಣೇ ಅಲ್ಲವೆ? ೧೯೨೪ರಲ್ಲಿ ‘ಹ��ರುನಾ ಮಾರು’ ಹಡಗಿನಲ್ಲಿ ಆರಂಭಿಸಿದ ‘ಪಶ್ಚಿಮ ಯಾತ್ರೀರ್ ಡೈರಿ’ಯಂತೂ ಹೆಣ್ಣು, ಗಂಡು, ಸೃಷ್ಟಿ, ಶೈಶವಗಳ ಚಿಂತನೆಯಲ್ಲಿ ಮುಳುಗಿದೆ, ಸಹಪ್ರಯಾಣಿಕರು ಅದರಲ್ಲಿ ನೆರಳುಗಳು. ಹಡಗಿನಲ್ಲಿದ್ದೂ ಆಕಾಶದಲ್ಲಿರುವುದು ಸಾಧ್ಯವೆಂಬುದಕ್ಕೆ ಅದಕ್ಕಿಂತ ಬೇರೆ ನಿದರ್ಶನ ಬೇಡ. ಆಕ್ಷೇಪವು ನ್ಯಾಯವಾದುದೇ. ಆದರೂ ಭೇದವು ಉಳಿಯುವುದು. ಹಡಗಿನಲ್ಲಿ ನೋಡದವನು ತಾನಾಗಿ ನೋಡದೆ ಉಳಿದವನು. ಮನಸ್ಸು ಬಂದರೆ ಮರುದಿನ ಇಳಿದು ಮಾತನಾಡಿಸಬಹುದು. ಇಪ್ಪತ್ತಾರು ದಿನಗಳ ದಾರಿಯಲ್ಲಿ ಕಬ್ಬಿನ ಸಿಪ್ಪೆ ಕಾಲಿಗೆ ತೊಡರಿಯೇ ತೊಡರುವುದು. ವಿಮಾನದಲ್ಲಿಯಾದರೋ ಕೆಳಗಿನವರ ವಿಷಯದಲ್ಲಿ ಇಂತಹ ಆಯ್ಕೆಯೇ ಇಲ್ಲ. ಅಲ್ಲಿ ಠಾಕೂರರಿಗೆ ಕಾಣಸಿಕ್ಕಿದವರೆಂದರೆ ವಿಮಾನವನ್ನು ನಡೆಸುತ್ತಿದ್ದ ಡಚ್ಚರು. ಆ ದಪ್ಪ ಮೂಳೆಯ ಭಾರಿ ಆಳುಗಳನ್ನು ಕಂಡು, ತಲೆಮಾರುಗಳಿಂದ ಹೊಟ್ಟೆ ತುಂಬ ಉಂಡ ಜನಾಂಗದ ಮೈಕಟ್ಟಿಗೂ ಅರೆಹೊಟ್ಟೆಯ ನಾಡಿನ ಮೈಕಟ್ಟಿಗೂ ಇರುವ ಅಂತರವನ್ನು ಅವರು ಯೋಚಿಸುತ್ತಾರೆ. ನೋಡಲು ಮನುಷ್ಯರು ಸಿಕ್ಕ ಕೂಡಲೇ ಗದ್ಯಕ್ಕೆ ಮತ್ತೆ ರಕ್ತ ಬಂದುದನ್ನು ವಾಚಕರು ಗಮನಿಸದೆ ಇರಲಾರರು. ಬೂಶೆಹರಿನಲ್ಲಿ ಇಳಿದು ಮೋಟಾರಿನಲ್ಲಿ ಶಿರಾಜಿನ ಬೆಟ್ಟದ ದಾರಿ ಹಿಡಿದ ಮೇಲಂತೂ ಪ್ರವಾಸ ಕಥನವು ಪುನಃ ಜೀವಗೊಂಡು ಧೂಳು, ಚಹ, ಗುಲಾಬಿ, ಅತಿಥಿಸತ್ಕಾರಗಳಿಂದ ತುಂಬಿಕೊಳ್ಳುವುದು. ಆಕಾಶದ ಪುಟಗಳಲ್ಲಿ ತತ್ತ್ವವಿದೆ, ಪ್ರವಾಸವಿಲ್ಲ.

ಕನ್ನಡದಲ್ಲಿ ಸಮುದ್ರಯಾನದ ಮುಖ್ಯವಾದ ಫಲವು ವಿನಾಯಕ ಕೃಷ್ಣ ಗೋಕಾಕರದು. ೧೯೩೬ರಲ್ಲಿ ವ್ಯಾಸಂಗಕ್ಕಾಗಿ ಆಕ್ಸ್‌ಫರ್ಡಿಗೆ ಹೋದ ಅವರ ‘ಸಮುದ್ರ ಗೀತೆಗಳು’ (೧೯೪೦) ಮುಕ್ತಛಂದದ ಪ್ರಯೋಗದಿಂದ ಕನ್ನಡ ಕವಿತೆಗೆ ಹೊಸ ಉಸಿರನ್ನು ತಂದುವು. ‘ಸಮುದ್ರದಾಚೆಯಿಂದ’ ಎಂಬ ಗದ್ಯಗ್ರಂಥವೂ ಆ ಪ್ರವಾಸದ ಫಲವೇ. ಅಲೆಯ ಲಯವು ಪದ್ಯದ ಸಾಲನ್ನು ಸಡಿಲಿಸಿದ ಬಗೆಯನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಯೋಗ್ಯ. ಆದರೆ ಆ ದಾರಿ ಬೇಗನೆ ಮುಚ್ಚಿಹೋಯಿತು. ೧೯೪೮ರ ಜೂನ್ ೮ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ಲಿನ ‘ಮಲಬಾರ್ ಪ್ರಿನ್ಸೆಸ್’ ವಿಮಾನವು ಮುಂಬಯಿಯಿಂದ ಕೈರೋ, ಜಿನೀವಾಗಳ ಮೇಲೆ ಲಂಡನ್ನಿಗೆ ಹೊರಟಿತು. ೧೯೬೭ರಿಂದ ೧೯೭೫ರವರೆಗೆ ಸುಯೆಜ್ ಕಾಲುವೆಯೇ ಮುಚ್ಚಿತ್ತು. ಅದು ಮತ್ತೆ ತೆರೆಯುವ ಹೊತ್ತಿಗೆ ಪ್ರಯಾಣಿಕರು ವಿಮಾನಕ್ಕೆ ಒಗ್ಗಿಹೋಗಿದ್ದರು. ಇಂದು ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಹೊರದೇಶದಲ್ಲಿ ನೆಲೆಸಲು ಹೋಗುವ ಕನ್ನಡಿಗನು ರಾತ್ರಿ ಊರಿನಲ್ಲಿ ಉಂಡು ಮರುದಿನ ಆ ದೇಶದಲ್ಲಿ ಇಳಿಯುತ್ತಾನೆ. ಅವನ ಬರವಣಿಗೆಯೂ ಇಳಿದ ಮೇಲೆಯೇ ಆರಂಭವಾಗುವುದು. ನಡುದಾರಿಗೆ ಅದರಲ್ಲಿ ಒಂದು ಪುಟವೂ ದೊರೆಯುವುದು ಅಪರೂಪ. ಇದು ಲೇಖಕನ ದೋಷವೆಂದು ಹೇಳುವುದು ಅನ್ಯಾಯ. ನಡುದಾರಿಯಲ್ಲಿ ಅವನಿಗೆ ಯಾರೂ ಸಿಕ್ಕಿರುವುದಿಲ್ಲ.

ಠಾಕೂರರ ಎರಡು ಯಾತ್ರೆಗಳು ಸಮಗ್ರ ಕೃತಿಗಳಲ್ಲಿಯೂ ಇಂಗ್ಲಿಷ್ ಅನುವಾದಗಳಲ್ಲಿಯೂ ಮತ್ತೆ ಬೇರೆ ಬೇರೆಯಾಗಿ ಅಚ್ಚಾಗಿವೆ. ಹೀಗಾಗಿ ಜಪಾನಿನ ವಿಷಯದಲ್ಲಿ ಆಸಕ್ತಿಯುಳ್ಳವರು ಒಂದನ್ನೂ, ಯುದ್ಧವಿರೋಧದಲ್ಲಿ ಆಸಕ್ತಿಯುಳ್ಳವರು ಇನ್ನೊಂದನ್ನೂ ಓದಿ ಮುಗಿಸುವರು. ಅವುಗಳನ್ನು ಕನ್ನಡಕ್ಕೆ ತರುವವರು ೧೯೩೬ರ ಕ್ರಮವನ್ನೇ ಹಿಡಿಯುವುದು ಲೇಸು. ಕಬ್ಬಿನ ಸಿಪ್ಪೆಯ ಪುಟವೂ ಬಾಗ್ದಾದಿನ ಪುಟವೂ ಒಂದೇ ಸಂಪುಟದಲ್ಲಿ ಇರಬೇಕು. ಮೊದಲನೆಯದನ್ನು ಓದಿದ ಕಣ್ಣು ಆರುವ ಮುನ್ನ ಎರಡನೆಯದನ್ನು ಓದುವಂತಿರಬೇಕು.